ಹೆಂಗೂ ತಪ್ಪಿತಲ್ಲ ಅನ್ನುವ ಐದನೇ ದಿನ

ಪ್ರಶ್ನೆ: ನನಗೆ 43 ವರ್ಷ. ಬಾಗಲಕೋಟೆಯ ನವನಗರದಲ್ಲಿ ಮನೆ, ಹತ್ತಿರದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಹೋದ ವರ್ಷ ಶುಗರ್ ಬಂದಿದೆ ಅಂತ ಗೊತ್ತಾಯಿತು. ಡಾಕ್ಟರು ಮಾತ್ರೆ ಕೊಟ್ಟು, ದಿನಾ ವಾಕಿಂಗ್ ಮಾಡಿ, ಸಿಹಿ ಬಿಡಿ ಅಂದರು. ಎಷ್ಟು ಸಲ ಶುರು ಮಾಡಿದೆನೋ ಲೆಕ್ಕವಿಲ್ಲ. ಬೆಳಿಗ್ಗೆ ನಾಲ್ಕು ದಿನ ಹೋಗುತ್ತೇನೆ, ಐದನೇ ದಿನ ತಪ್ಪುತ್ತದೆ, ಅಲ್ಲಿಗೆ ಮುಗಿಯಿತು. ಸ್ಟಾಫ್ ರೂಮಿಗೆ ಯಾರಾದರೂ ಕರದಂಟು ತಂದರೆ ಒಂದು ತುಂಡು ತಿಂದು, ಹೆಂಗೂ ತಿಂದೆನಲ್ಲ ಅಂತ ಇನ್ನೆರಡು ತಿನ್ನುತ್ತೇನೆ. ವಾಕಿಂಗ್‌ಗೆ ಹೊರಟರೆ ವಯಸ್ಸಾದ ಅತ್ತೆ ಒಬ್ಬರೇ ಅಡಿಗೆಮನೆಯಲ್ಲಿ ನಿಂತಿದ್ದಾರೆ ಅಂತ ಮನಸ್ಸು ಚುಚ್ಚುತ್ತದೆ. ನಮ್ಮ ಅವ್ವ ತೀರಿಕೊಂಡದ್ದೂ ಇದೇ ಕಾಯಿಲೆಯಿಂದ. ಕೊನೆಯ ವರ್ಷ ಅವಳ ಹತ್ತಿರ ಇರಲು ನನಗೆ ಆಗಲಿಲ್ಲ. ಅವಳನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲವಲ್ಲ ಅಂತ ರಾತ್ರಿ ನಿದ್ದೆ ಬರುವುದಿಲ್ಲ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ, ದಯವಿಟ್ಟು ತಿಳಿಸಿ.

ಉತ್ತರ: ಅಕ್ಕೋರೇ, ನಿಮ್ಮ ಮನಸ್ಸು ಈಗಲೇ ಸಾಕಷ್ಟು ಗಟ್ಟಿ ಇದೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವುದು, ಶಾಲೆಗೆ ಓಡುವುದು, ಬಿಸಿಯೂಟದ ಲೆಕ್ಕ ಬರೆಯುವುದು, ಮೇಲಿನಿಂದ ಬಂದ ಸರ್ವೆ ಕೆಲಸ ಮುಗಿಸುವುದು, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವುದು. ಇಷ್ಟನ್ನು ವರ್ಷಾನುಗಟ್ಟಲೆ ಮಾಡಿಕೊಂಡು ಬಂದವರಿಗೆ ಮನಸ್ಸು ಗಟ್ಟಿ ಮಾಡಿ ಅಂತ ನಾನು ಹೇಳಿದರೆ ಅದು ತಮಾಷೆ ಆಗುತ್ತದೆ.

ನನ್ನ ಅನುಮಾನ ಬೇರೆ. ರಾತ್ರಿ ನೀವು ಕೊರಗುತ್ತೀರಲ್ಲ, ಆ ಕೊರಗೇ ನಿಮ್ಮನ್ನು ನಾಳೆ ಎಬ್ಬಿಸುತ್ತದೆ ಅಂತ ನೀವು ನಂಬಿದ್ದೀರಿ. ಕೊರಗುವುದನ್ನು ಬಿಟ್ಟರೆ ಇನ್ನೂ ಸಡಿಲ ಆಗಿಬಿಡುತ್ತೇನೆ ಅನ್ನುವ ಹೆದರಿಕೆಯೂ ಇರಬಹುದು. ಆಗುತ್ತಿರುವುದು ಉಲ್ಟಾ. ಹಾಸಿಗೆಯಲ್ಲಿ ಒಂದು ತಾಸು ತನ್ನನ್ನು ತಾನೇ ಬೈದುಕೊಂಡ ಮೇಲೆ, ಶಿಕ್ಷೆ ಅನುಭವಿಸಿದ್ದಾಯಿತು ಅನ್ನುವ ಒಂದು ಸಮಾಧಾನ ಒಳಗೊಳಗೇ ಬರುತ್ತದೆ. ಅವತ್ತಿನ ಲೆಕ್ಕ ಮುಗಿದ ಹಾಗೆ ಅನ್ನಿಸುತ್ತದೆ. ನಡೆದದ್ದು ಮಾತ್ರ ಒಂದು ಹೆಜ್ಜೆಯೂ ಇಲ್ಲ. ನಡೆಯಬೇಕಾದ ಜಾಗದಲ್ಲಿ ಕೊರಗು ಬಂದು ಕೂತಿದೆ. ಇದು ನಿಮ್ಮೊಬ್ಬರ ಕಥೆ ಅಲ್ಲ. ನನ್ನ ಹತ್ತಿರ ಬರುವವರಲ್ಲಿ ಕುಡಿತ ಬಿಡಲು ಬಂದವರಲ್ಲೂ, ಪರೀಕ್ಷೆಗೆ ಓದಲು ಆಗದ ಹುಡುಗರಲ್ಲೂ ಇದೇ ಕಾಣುತ್ತದೆ.

ಇನ್ನೊಂದು ತೊಂದರೆಯೂ ಇದೆ, ಇದನ್ನು ನೀವು ಕ್ಲಾಸಿನಲ್ಲೇ ನೋಡಿರುತ್ತೀರಿ. ಹೋಂವರ್ಕ್ ಮಾಡದ ಹುಡುಗನಿಗೆ ಎಲ್ಲರ ಮುಂದೆ ಬೈದರೆ ಅವನು ಮಾರನೇ ದಿನ ಹೋಂವರ್ಕ್ ಮಾಡಿಕೊಂಡು ಬರುತ್ತಾನಾ? ಹೊಟ್ಟೆನೋವು ಅಂತ ಶಾಲೆಯನ್ನೇ ತಪ್ಪಿಸುತ್ತಾನೆ. ನಿಮ್ಮದೂ ಹಾಗೇ ಆಗಿದೆ. ವಾಕಿಂಗ್ ಅಂದ ಕೂಡಲೇ ಬೈಗುಳ ನೆನಪಾಗುತ್ತದೆ, ಬೈಯುವವರೂ ನೀವೇ. ಬಾಗಿಲ ಹತ್ತಿರದ ಶೂ ನೋಡಿದರೂ ಬೇಜಾರು. ಆ ಬೇಜಾರು ಬೇಡ ಅಂತ ಮನಸ್ಸು ಶೂ ಕಡೆ ನೋಡುವುದನ್ನೇ ಬಿಡುತ್ತದೆ. ನೀವು ಬರೆದಿಲ್ಲ, ಆದರೆ ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಅದು ಈಗ ಯಾವುದೋ ಡ್ರಾದಲ್ಲಿ ಬಿದ್ದಿರಬಹುದು, ಅಲ್ವಾ? ನಂಬರ್ ಜಾಸ್ತಿ ಬಂದರೆ ಇನ್ನಷ್ಟು ಬೈಸಿಕೊಳ್ಳಬೇಕಲ್ಲ ಅಂತ ಎಷ್ಟೋ ಜನ ಚೆಕ್ ಮಾಡುವುದನ್ನೇ ನಿಲ್ಲಿಸುತ್ತಾರೆ.

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 119 ವಿದ್ಯಾರ್ಥಿಗಳ ಮೇಲೆ ಇದನ್ನು ನೋಡಿದ್ದಾರೆ. 2010ರಲ್ಲಿ ಪ್ರಕಟವಾದ ಅಧ್ಯಯನ ಅದು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ ಕೆಲವರು ಆಗಿದ್ದು ಆಯಿತು ಅಂತ ತಮ್ಮನ್ನು ತಾವು ಕ್ಷಮಿಸಿಕೊಂಡಿದ್ದರು. ಎರಡನೇ ಪರೀಕ್ಷೆಯ ಹೊತ್ತಿಗೆ ಮುಂದೂಡುವುದು ಕಡಿಮೆಯಾದದ್ದು ಇವರಲ್ಲೇ. ಕ್ಷಮಿಸಿದರೆ ಸಸಾರ ಆಗುತ್ತದೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಇಲ್ಲಿ ಹಾಗಾಗಲಿಲ್ಲ. ಪುಸ್ತಕ ನೋಡಿದಾಗ ಬರುತ್ತಿದ್ದ ಬೇಜಾರು ಇಳಿಯಿತು, ಹಾಗಾಗಿ ಪುಸ್ತಕದ ಹತ್ತಿರ ಹೋಗುವುದು ಸುಲಭ ಆಯಿತು.

ಈಗ ನಿಮ್ಮ ಐದನೇ ದಿನಕ್ಕೆ ಬರೋಣ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ಒಬ್ಬೊಬ್ಬರೂ ಒಂದು ಹೊಸ ಅಭ್ಯಾಸ ಆರಿಸಿಕೊಂಡಿದ್ದರು. ಒಬ್ಬರಿಗೆ ಊಟದ ಜೊತೆ ನೀರು, ಇನ್ನೊಬ್ಬರಿಗೆ ಹಣ್ಣು, ಮತ್ತೊಬ್ಬರಿಗೆ ವ್ಯಾಯಾಮ. ಅದು ಯೋಚನೆ ಮಾಡದೆ ತಾನಾಗಿ ಆಗುವ ಮಟ್ಟಕ್ಕೆ ಬರಲು ಹಿಡಿದದ್ದು ಸುಮಾರು 66 ದಿನ. ಕೆಲವರಿಗೆ 18 ದಿನಕ್ಕೇ ಬಂತು, ಕೆಲವರಿಗೆ 254 ದಿನ ಬೇಕಾಗಬಹುದು ಅಂತ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ನಿಮಗೆ ಬೇಕಾದದ್ದು ಈ ಕೊನೆಯ ಮಾತು.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅಂತ ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಬರುವ ಮಾತನ್ನು ದಯವಿಟ್ಟು ಮರೆತುಬಿಡಿ. ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ತನ್ನ ರೋಗಿಗಳನ್ನು ನೋಡಿ 1960ರಲ್ಲಿ ಬರೆದ ಒಂದು ಅನಿಸಿಕೆ ಅದು. ಹೊಸ ಮೂಗಿಗೆ ಹೊಂದಿಕೊಳ್ಳುವುದಕ್ಕೂ ನವನಗರದಲ್ಲಿ ವಾಕಿಂಗ್ ಹೋಗುವುದಕ್ಕೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. 22ನೇ ದಿನ ಆಗಲಿಲ್ಲ ಅಂತ ಸೋತು ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕರದಂಟಿನದೂ ಇದೇ ಲೆಕ್ಕ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ರುಚಿ ನೋಡಿ ಹೇಳಿ ಅಂತ ಮುಂದೆ ಇಟ್ಟರು. ಪಥ್ಯ ಗಿಥ್ಯ ಇಲ್ಲದವರು, ಹೊಟ್ಟೆ ತುಂಬಿದೆ ಅಂತ ಸ್ವಲ್ಪ ತಿಂದು ಬಿಟ್ಟರು. ಕಟ್ಟುನಿಟ್ಟಾಗಿ ಊಟದ ಮೇಲೆ ಕಣ್ಣಿಟ್ಟವರು ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. ನಿಯಮ ಹೆಂಗೂ ಮುರಿಯಿತು, ಇವತ್ತಿನ ದಿನ ಕೆಟ್ಟಿತು, ನಾಳೆಯಿಂದ ನೋಡೋಣ ಅಂತ. ನಿಮ್ಮ ಸ್ಟಾಫ್ ರೂಮಿನಲ್ಲಿ ಆಗುವುದು ಇದೇ. ನಿಮ್ಮ ರಕ್ತಕ್ಕೆ ದಿನ ಕೆಟ್ಟಿದೆ ಅನ್ನುವುದು ಗೊತ್ತಿಲ್ಲ. ಒಂದು ತುಂಡಿಗೆ ಒಂದು ತುಂಡಿನಷ್ಟು ಏರುತ್ತದೆ, ಮೂರಕ್ಕೆ ಮೂರರಷ್ಟು. ಎರಡನೆಯದನ್ನು ಬಿಟ್ಟರೆ ಅಷ್ಟು ಉಳಿಯಿತು. (ಬೆಲ್ಲದ್ದು ತಾನೇ, ಸಕ್ಕರೆ ಅಲ್ಲವಲ್ಲ ಅನ್ನುವವರ ಮಾತು ಕೇಳಬೇಡಿ. ಶುಗರ್ ಏರಿಸುವುದರಲ್ಲಿ ಬೆಲ್ಲ ಹಿಂದೆ ಬೀಳುವುದಿಲ್ಲ.)

ಅಮೀನಗಡ ನಿಮ್ಮ ಜಿಲ್ಲೆಯಲ್ಲೇ ಇರುವಾಗ ಕರದಂಟಿನ ಡಬ್ಬಿ ಮತ್ತೆ ಮತ್ತೆ ಬರುತ್ತದೆ. ಪ್ರಮೋಷನ್ ಆದರೆ, ಮಗನಿಗೆ ಸೀಟು ಸಿಕ್ಕರೆ, ಊರಿಂದ ಬಂದರೆ. ‘ಒಲ್ಲೆ’ ಅಂದರೆ ‘ಹೇ ತಗೋರಿ, ಒಂದು ತಿಂದರ ಏನಾಗಂಗಿಲ್ಲ’ ಅಂತ ಕೈಗೇ ಇಡುತ್ತಾರೆ. ಆ ಹೊತ್ತಿನಲ್ಲಿ ಯೋಚಿಸಿ ತೀರ್ಮಾನ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಮೊದಲೇ ತೀರ್ಮಾನ ಆಗಿರಬೇಕು: ಡಬ್ಬಿ ತೆರೆದರೆ, ಅರ್ಧ ತುಂಡು ಮುರಿದುಕೊಂಡು ಕ್ಲಾಸಿಗೆ ಎದ್ದು ಹೋಗುತ್ತೇನೆ. ಇಷ್ಟೇ. ಇಷ್ಟು ಸಣ್ಣ ವಾಕ್ಯ ಕೆಲಸ ಮಾಡುತ್ತದಾ ಅಂತ ನಗಬೇಡಿ. ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ ಅನ್ನುವ ಈ ಬಗೆಯ ಸಂಕಲ್ಪವನ್ನು ಪೀಟರ್ ಗೊಲ್ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞ ಅಧ್ಯಯನ ಮಾಡುತ್ತಾ ಬಂದಿದ್ದಾರೆ. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸುಮ್ನೆ ‘ಮಾಡಬೇಕು’ ಅಂದುಕೊಂಡವರಿಗಿಂತ, ಯಾವಾಗ ಎಲ್ಲಿ ಹೇಗೆ ಅಂತ ಮೊದಲೇ ಗೊತ್ತು ಮಾಡಿಕೊಂಡವರು ಚೆನ್ನಾಗಿಯೇ ಮುಂದಿದ್ದರು. ಒಬ್ಬ ಸಹೋದ್ಯೋಗಿಗಾದರೂ ಶುಗರ್ ಇರುವುದು ಗೊತ್ತಿದೆಯಾ? ಇಲ್ಲದಿದ್ದರೆ ಹೇಳಿ. ಡಬ್ಬಿ ನಿಮ್ಮ ಮುಂದೆ ಎರಡನೇ ಸಲ ಬರುವುದು ತಪ್ಪುತ್ತದೆ.

ವಾಕಿಂಗ್ ವಿಷಯದಲ್ಲಿ ನನಗೆ ನಿಮ್ಮ ವೇಳೆಯೇ ಸರಿ ಕಾಣುತ್ತಿಲ್ಲ. ಬೆಳಿಗ್ಗೆ ಮನೆಯಲ್ಲಿ ಅತಿ ಹೆಚ್ಚು ಕೆಲಸ ಇರುವ ಹೊತ್ತು ಅದು. ರೊಟ್ಟಿ, ಡಬ್ಬಿ, ಮಕ್ಕಳು, ನೀರು ಬಿಡುವ ದಿನ ಇದ್ದರೆ ಅದೊಂದು. ಅಂಥ ಹೊತ್ತಲ್ಲಿ ಅರ್ಧ ತಾಸು ಹೊರಗೆ ಹೋದರೆ ಯಾರ ಮನಸ್ಸಾದರೂ ಚುಚ್ಚುತ್ತದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 41 ಜನ ಶುಗರ್ ರೋಗಿಗಳ ಮೇಲೆ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೆ ಹೇಳಿ ಮಾಡಿಸಿದಂತಿದೆ. ದಿನಕ್ಕೊಮ್ಮೆ ಯಾವಾಗಲಾದರೂ 30 ನಿಮಿಷ ನಡೆಯುವುದಕ್ಕಿಂತ, ಮೂರು ಊಟ ಆದ ಮೇಲೂ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಶುಗರ್ ಸರಾಸರಿ ಶೇಕಡಾ 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರವಂತೂ ಶೇಕಡಾ 22. ಮೂರೂ ಹೊತ್ತು ನಿಮಗೆ ಈಗಲೇ ಬೇಡ. ರಾತ್ರಿಯದೊಂದೇ ಹಿಡಿಯಿರಿ.

ಅದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ: ಊಟದ ತಾಟು ಸಿಂಕಿಗೆ ಇಟ್ಟ ಕೂಡಲೇ ಶೂ ಹಾಕಿಕೊಳ್ಳುತ್ತೇನೆ. ಚಪ್ಪಲಿ ಬೇಡ. ಶುಗರ್ ಇದ್ದವರಿಗೆ ಕಾಲಿನ ಸಣ್ಣ ಗಾಯವೂ ದೊಡ್ಡದಾಗಬಹುದು, ಅದಕ್ಕೆ. ಬೀದಿ ದೀಪ ಇರುವ ರಸ್ತೆ, ಹತ್ತು ನಿಮಿಷ, ವಾಪಸ್. ಬಾಗಲಕೋಟೆಯ ಬೇಸಿಗೆಯಲ್ಲೂ ಆ ಹೊತ್ತಿಗೆ ಸ್ವಲ್ಪ ಗಾಳಿ ಇರುತ್ತದೆ. ಜೊತೆಗೆ ಇನ್ನೊಂದು ವಾಕ್ಯವನ್ನೂ ಈಗಲೇ ಬರೆದಿಡಿ: ಒಂದು ದಿನ ತಪ್ಪಿದರೆ, ಮಾರನೇ ದಿನ ಬರೀ ಗೇಟಿನಿಂದ ಮೂಲೆಯವರೆಗೆ ಹೋಗಿ ಬರುತ್ತೇನೆ. ತಪ್ಪಿದ್ದಕ್ಕೆ ದಂಡ ಅಂತ ಮಾರನೇ ದಿನ ಒಂದು ತಾಸು ನಡೆಯಲು ಹೋಗಬೇಡಿ, ಹಾಗೆ ಮಾಡಿದರೆ ಮೂರನೇ ದಿನ ಖಂಡಿತ ತಪ್ಪುತ್ತದೆ. ಜನಗಣತಿ, ಎಲೆಕ್ಷನ್ ಡ್ಯೂಟಿ, ಜಾತ್ರೆ, ಮದುವೆ, ಇವೆಲ್ಲ ಬಂದೇ ಬರುತ್ತವೆ. ಮನಸ್ಸು ಬಂದ ಮೇಲೆ ಹೋಗುತ್ತೇನೆ ಅಂತಲೂ ಕಾಯಬೇಡಿ. ಹುಮ್ಮಸ್ಸು ಸಾಮಾನ್ಯವಾಗಿ ಹತ್ತು ಹೆಜ್ಜೆ ನಡೆದ ಮೇಲೆ ಬರುತ್ತದೆ. ಖಿನ್ನತೆಗೆ ಕೊಡುವ ಒಂದು ಮಾನಸಿಕ ಚಿಕಿತ್ಸೆ 1970ರ ದಶಕದಿಂದ ಇದೇ ತಿಳಿವಳಿಕೆಯ ಮೇಲೆ ನಿಂತಿದೆ: ಮೊದಲು ಸಣ್ಣ ಕೆಲಸ, ಮನಸ್ಸು ಆಮೇಲೆ ಹಿಂದೆ ಬರುತ್ತದೆ.

ಅತ್ತೆಯವರ ವಿಷಯ. ಇಲ್ಲಿ ನಿಮ್ಮದು ತಪ್ಪೇನೂ ಇಲ್ಲ. ಇದು ಮನೆಗೆಲಸ ಹಂಚಿಕೆಯ ಪ್ರಶ್ನೆ, ಅದನ್ನು ನೀವು ಮನಸ್ಸಿನ ಮೇಲೆ ಹಾಕಿಕೊಂಡಿದ್ದೀರಿ. ನಿಮ್ಮ ಪತ್ರದಲ್ಲಿ ಅತ್ತೆ ಇದ್ದಾರೆ, ಅವ್ವ ಇದ್ದಾರೆ, ಡಾಕ್ಟರು ಇದ್ದಾರೆ, ಸ್ಟಾಫ್ ರೂಮು ಇದೆ. ಯಜಮಾನರು ಎಲ್ಲಿದ್ದಾರೆ? ಅತ್ತೆ ಒಬ್ಬರೇ ಅಡಿಗೆಮನೆಯಲ್ಲಿ ನಿಂತಾಗ ಚುಚ್ಚಬೇಕಾದದ್ದು ನಿಮ್ಮ ಮನಸ್ಸನ್ನೊಂದೇನಾ? ಅವರು ಬೇರೆ ಊರಲ್ಲಿ ಕೆಲಸದಲ್ಲಿದ್ದರೆ ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ಮನೆಯಲ್ಲೇ ಇದ್ದರೆ ಹತ್ತು ನಿಮಿಷ ಅವರ ಅವ್ವನ ಜೊತೆ ಅವರು ಇರಬಹುದು. ವಾರಕ್ಕೆ ಎರಡು ದಿನ ಖಡಕ್ ರೊಟ್ಟಿ ಕೊಂಡು ತಂದರೆ ಮನೆತನಕ್ಕೆ ಏನೂ ಆಗುವುದಿಲ್ಲ. ನಿಮ್ಮ ಕಡೆ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ.

ಅತ್ತೆಯವರಿಗೆ ಅಪ್ಪಣೆ ಕೇಳುವ ಧಾಟಿಯಲ್ಲಿ ಹೇಳಬೇಡಿ, ತಪ್ಪು ಒಪ್ಪಿಕೊಳ್ಳುವ ಧಾಟಿಯಲ್ಲೂ ಬೇಡ. ‘ಅತ್ತೀ, ಡಾಕ್ಟರ ಊಟ ಆದಮ್ಯಾಲ ಹತ್ತು ನಿಮಿಷ ಅಡ್ಡಾಡಂತ ಹೇಳ್ಯಾರ್ರಿ. ಹೋಗಿ ಬಂದು ಭಾಂಡೆ ತಿಕ್ಕತೀನಿ, ನೀವು ಕೂಡ್ರಿ.’ ಇಷ್ಟು ಸಾಕು. ಮೊದಲ ವಾರ ಮುಖ ಸಿಂಡರಿಸಬಹುದು. ಆದರೆ ನಾನು ಕಂಡ ಮಟ್ಟಿಗೆ, ಸೊಸೆಯರು ಹೆದರಿಕೊಂಡಷ್ಟು ಅತ್ತೆಯಂದಿರು ಬೇಡ ಅನ್ನುವುದಿಲ್ಲ. ಕೆಲವರು ತಾವೂ ಸೆರಗು ಸರಿಮಾಡಿಕೊಂಡು ಜೊತೆಗೆ ಹೊರಟುಬಿಡುತ್ತಾರೆ.

ಇನ್ನು ಅವ್ವನ ವಿಷಯ. ಇದಕ್ಕೆ ಮೇಲಿನ ಯಾವ ಉಪಾಯವೂ ಸಾಲುವುದಿಲ್ಲ. ನಿಮ್ಮ ಪತ್ರದ ಭಾರ ಇರುವುದೂ ಇಲ್ಲೇ ಅಂತ ನನಗೆ ಅನ್ನಿಸಿತು.

‘ಕೊನೆಯ ವರ್ಷ’ ಅಂತ ಬರೆದಿದ್ದೀರಿ. ಅದು ಕೊನೆಯ ವರ್ಷ ಅಂತ ನಿಮಗೆ ಆಗ ಗೊತ್ತಿತ್ತಾ? ಗೊತ್ತಿದ್ದರೆ ರಜೆ ಹಾಕಿ ಓಡುತ್ತಿದ್ದಿರಿ. ಈಗ ಗೊತ್ತಿರುವುದನ್ನು ಇಟ್ಟುಕೊಂಡು ಆಗಿನ ನಿಮ್ಮನ್ನು ಅಳೆಯುತ್ತಿದ್ದೀರಿ. ಒಂದು ಹಾಳೆ ತಗೊಂಡು ಮೂರು ವಿಷಯ ಬರೆಯಿರಿ. ಆ ವರ್ಷ ನೀವು ಏನೇನು ಮಾಡಲಿಲ್ಲ. ಏನೇನು ಮಾಡಿದಿರಿ, ಫೋನು, ದುಡ್ಡು, ಔಷಧಿ, ಭಾನುವಾರ ಹೋಗಿ ಬಂದದ್ದು ಎಲ್ಲವೂ. ಮತ್ತೆ, ಮಾಡದೇ ಇದ್ದದ್ದರಲ್ಲಿ ನಿಮ್ಮ ಕೈಯಲ್ಲಿ ನಿಜವಾಗಿ ಆಗುವಂಥದ್ದು ಯಾವುದಿತ್ತು. ಬರೆದಾಗ ಪಟ್ಟಿ ನೀವು ಅಂದುಕೊಂಡಷ್ಟು ಉದ್ದ ಇರುವುದಿಲ್ಲ. ಖಾಲಿಯೂ ಇರುವುದಿಲ್ಲ. ಒಂದೆರಡು ನಿಜವಾದ ತಪ್ಪು ಉಳಿಯಬಹುದು. ನಿಮ್ಮದೇನೂ ತಪ್ಪಿಲ್ಲ ಬಿಡಿ ಅಂತ ನಾನು ಸಮಾಧಾನ ಹೇಳಿದರೆ ನೀವು ನಂಬುವುದಿಲ್ಲ, ನಂಬಲೂ ಬಾರದು.

ಆ ಒಂದೆರಡನ್ನು ಏನು ಮಾಡುವುದು? ‘ನಾನು ಒಂದು ತಪ್ಪು ಮಾಡಿದೆ’ ಅನ್ನುವುದಕ್ಕೂ ‘ನಾನೇ ಕೆಟ್ಟವಳು’ ಅನ್ನುವುದಕ್ಕೂ ಫಲ ಬೇರೆ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ಇದನ್ನು ಜೈಲಿನಲ್ಲೇ ಹೋಗಿ ನೋಡಿದವರು. ಮಾಡಿದ ಕೆಲಸದ ಬಗ್ಗೆ ಪಶ್ಚಾತ್ತಾಪ ಜಾಸ್ತಿ ಇದ್ದ ಕೈದಿಗಳು ಬಿಡುಗಡೆಯಾದ ಮೊದಲ ವರ್ಷದಲ್ಲಿ ಮತ್ತೆ ಅಪರಾಧಕ್ಕೆ ಇಳಿದದ್ದು ಕಡಿಮೆ. ತನ್ನ ಮೇಲೆ ತಾನೇ ಹೇಸಿಕೊಂಡವರಲ್ಲಿ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವ ಗುಣ ಬೆಳೆಯುತ್ತಿತ್ತು, ಅದು ಅವರನ್ನು ವಾಪಸ್ ಅದೇ ದಾರಿಗೆ ಎಳೆಯುತ್ತಿತ್ತು. ಪಶ್ಚಾತ್ತಾಪಕ್ಕೆ ಒಂದು ಕೆಲಸ ಬೇಕು, ಯಾರಿಗೋ ಏನೋ ಕೊಡುವಂಥದ್ದು. ನಿಮ್ಮ ಅವ್ವನ ಹತ್ತಿರ ಆ ವರ್ಷ ಇದ್ದವರು ಯಾರು? ಅಣ್ಣನ ಹೆಂಡತಿಯಾ, ತಂಗಿಯಾ? ಕಾಲು ತೊಳೆದು ಪಟ್ಟಿ ಕಟ್ಟಿದವರು, ರಾತ್ರಿ ಎದ್ದು ನೀರು ಕೊಟ್ಟವರು? ‘ನಾನು ಮಾಡಬೇಕಾದದ್ದನ್ನು ನೀನು ಮಾಡಿದೆ’ ಅಂತ ಅವರಿಗೆ ಇವತ್ತಿನವರೆಗೆ ಬಾಯಿಬಿಟ್ಟು ಹೇಳಿದ್ದೀರಾ? ಬಹಳ ಮನೆಗಳಲ್ಲಿ ಹೇಳಿರುವುದಿಲ್ಲ. ಒಳಗೆ ಅಪರಾಧಿ ಭಾವ ಇರುವುದರಿಂದಲೇ ಅವರ ಕಣ್ಣು ತಪ್ಪಿಸಿ ಓಡಾಡುತ್ತಿರುತ್ತೇವೆ. ಬರುವ ಭಾನುವಾರ ಹೋಗಿ. ಒಂದು ಇಲಕಲ್ ಸೀರೆ ಉಡಿಸಿದರೂ ಸರಿ, ಬರೀ ಕೂತು ಮಾತಾಡಿದರೂ ಸರಿ.

‘ಅವಳನ್ನು ನೋಡಿಯೂ ಬುದ್ಧಿ ಬರಲಿಲ್ಲ’ ಅಂದಿರಿ. ಅದು ಬುದ್ಧಿಯ ಕೊರತೆ ಅಂತ ನನಗೆ ಅನ್ನಿಸುವುದಿಲ್ಲ, ಹೆದರಿಕೆ. ಈ ಕಾಯಿಲೆ ಅಂದರೆ ನಿಮಗೆ ಅವ್ವನ ಕೊನೆಯ ದಿನಗಳು. ಶೂ ಹಾಕಿಕೊಂಡಾಗಲೆಲ್ಲ ನನಗೂ ಅದೇ ಗತಿ ಅನ್ನುವುದು ನೆನಪಾದರೆ ಯಾರಿಗೆ ತಾನೇ ನಡೆಯಬೇಕು ಅನ್ನಿಸುತ್ತದೆ? ನಿಮಗೆ ಹೋದ ವರ್ಷವೇ ಗೊತ್ತಾಗಿದೆ, ಮಾತ್ರೆ ಶುರುವಾಗಿದೆ. ವರ್ಷಕ್ಕೊಮ್ಮೆ ಕಣ್ಣಿನ ಹಿಂಪದರ, ಮೂತ್ರದಲ್ಲಿ ಆಲ್ಬುಮಿನ್, ಕಾಲು, ಇಷ್ಟನ್ನು ತೋರಿಸುತ್ತಾ ಹೋದರೆ ತೊಂದರೆ ಶುರುವಿನಲ್ಲೇ ಸಿಗುತ್ತದೆ.

ನಿದ್ದೆ ಬರುವುದಿಲ್ಲ ಅಂದಿದ್ದೀರಿ, ಎಷ್ಟು ದಿನದಿಂದ ಅಂತ ಬರೆದಿಲ್ಲ. ಎರಡು ವಾರಕ್ಕಿಂತ ಜಾಸ್ತಿ ಆಗಿ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಶುಗರ್ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಜಾಸ್ತಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಹತ್ತು ನಿಮಿಷದ ವಾಕಿಂಗ್ ಅದರ ಬದಲಿಗೆ ಅಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ, ಅಥವಾ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ. ಬದುಕುವುದೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ದಣಿವು ವಿಪರೀತ ಇದ್ದರೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಕೂಡ ನೋಡಿಸಿ. ರಕ್ತ ಕಡಿಮೆ ಇದ್ದು ಸುಸ್ತಾದವರೂ ಎಷ್ಟೋ ಸಲ ನಾನು ಸೋಮಾರಿ ಅಂತ ಬೈದುಕೊಳ್ಳುತ್ತಿರುತ್ತಾರೆ.

ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ನಡೆಯಲು ಶುರು ಮಾಡಿದ ಮೇಲೂ. ಕೆಲವು ಮಾತ್ರೆಗಳಿಂದ ಶುಗರ್ ತೀರಾ ಇಳಿಯುವ ಸಾಧ್ಯತೆ ಇರುತ್ತದೆ, ನಿಮ್ಮದು ಅಂಥದ್ದಾ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಆದ್ದರಿಂದ ಮೂರು ತಿಂಗಳು ಬಿಟ್ಟು ಮಾಡಿಸಿ. ಆ ವಾರ ಕರದಂಟು ತಿಂದಿದ್ದರೂ ಹೋಗಿ. ಡಾಕ್ಟರ ಮುಂದೆ ಎಲ್ಲ ಸರಿಯಾಗಿ ಮಾಡಿದೆ ಅಂತ ಹೇಳಬೇಡಿ. ನಡೆಯದ ದಿನ, ಮಾತ್ರೆ ಮರೆತ ದಿನ, ತಿಂದ ಸಿಹಿ, ಎಲ್ಲವನ್ನೂ ಇದ್ದ ಹಾಗೆ ಹೇಳಿ. ನಾಚಿಕೆಗೆ ಮುಚ್ಚಿಟ್ಟರೆ, ಮಾತ್ರೆ ಸಾಲುತ್ತಿಲ್ಲ ಅಂತ ತಿಳಿದು ಅವರು ಡೋಸ್ ಏರಿಸುತ್ತಾರೆ.